ಮೂರನೆಯ ಮೌಲ್ಯಮಾಪಕ

ಕಾಲೇಜಿನಲ್ಲಿ ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಗಳನ್ನು ಪೇರಿಸಿಟ್ಟಿದ್ದರೆ ನಮ್ಮ ಮನೆಯ ಅಟ್ಟ ತುಂಬಿ ಹೋಗುತ್ತಿತ್ತು. ಆ ಅನುಭವದಿಂದ ಹೇಳುತ್ತೇನೆ: 59 ಎಂಬ ಅಂಕ ತಾನಾಗಿ ಬೀಳುವುದಿಲ್ಲ. 60 ಬಂದರೆ ಪ್ರಥಮ ದರ್ಜೆ. ಹೊಸ್ತಿಲಲ್ಲಿ ನಿಂತವನನ್ನು ಕಂಡರೆ ಎಂಥ ಕಲ್ಲೆದೆಯ ಮೇಷ್ಟರೂ ಎಲ್ಲೋ ಒಂದು ಚಿತ್ರಕ್ಕೆ ಅರ್ಧ, ಇನ್ನೊಂದು ವ್ಯಾಖ್ಯೆಗೆ ಅರ್ಧ ಸೇರಿಸಿ ಒಳಗೆ ಕರೆದುಕೊಳ್ಳುತ್ತಾರೆ. 59ಕ್ಕೇ ಗೆರೆ ಎಳೆದವನು ಬೇಕೆಂದೇ ಎಳೆದಿರುತ್ತಾನೆ.

ಕೆಲಸ ಸಿಕ್ಕಿ ನಮ್ಮ ಮನೆಗೆ ಬಂದಿಳಿದ ಅಕ್ಕನ ಮಗ ಬಟ್ಟೆಬರೆಗಿಂತ ಮೊದಲು ಹೊರತೆಗೆದದ್ದು ತನ್ನ ಪ್ಲೇಸ್ಟೇಷನ್ನನ್ನು. ಒಂದು ಸಂಜೆ ಕೇಳಿದ: “ಮಾವ, ಈ ಗೇಮ್‌ಗೆ ಐಜಿಎನ್‌ನವರು ಹತ್ತಕ್ಕೆ 5.9 ಕೊಟ್ಟಿದ್ದಾರೆ. ಪಿಸಿ ಗೇಮರ್‌ನವರು ನೂರಕ್ಕೆ 93. ಯಾರನ್ನ ನಂಬೋದು?”

ನೂರಕ್ಕೆ 59, ನೂರಕ್ಕೆ 93. ಮೂವತ್ತನಾಲ್ಕು ಅಂಕಗಳ ಅಂತರ! ಸ್ನಾತಕೋತ್ತರ ಪರೀಕ್ಷೆಯಾಗಿದ್ದರೆ ಅಂಥ ಪತ್ರಿಕೆ ಸೀದಾ ಮೂರನೆಯ ಮೌಲ್ಯಮಾಪಕನ ಮೇಜಿಗೆ ಹೋಗುತ್ತಿತ್ತು. ನಿವೃತ್ತಿಯಾಗಿ ಕೆಂಪು ಪೆನ್ನು ಒಣಗಿಹೋಗಿದ್ದರೂ ಕೈ ಚುರುಗುಟ್ಟಿತು. “ಕೊಡು ಇಲ್ಲಿ” ಎಂದೆ.

ಆಟದ ಹೆಸರು ‘ಏಲಿಯನ್: ಐಸೊಲೇಷನ್’. 2014ರ ಅಕ್ಟೋಬರಿನಲ್ಲಿ ಬಂದದ್ದು. ಮಾಡಿದವರು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ. 1979ರಲ್ಲಿ ರಿಡ್ಲಿ ಸ್ಕಾಟ್ ತೆಗೆದ ‘ಏಲಿಯನ್’ ಸಿನಿಮಾದ ನಾಯಕಿ ಎಲೆನ್ ರಿಪ್ಲಿಯ ಮಗಳು ಅಮಾಂಡಾ, ಹದಿನೈದು ವರ್ಷಗಳ ಹಿಂದೆ ಕಾಣೆಯಾದ ತಾಯಿಯ ಸುಳಿವು ಹುಡುಕುತ್ತ ಸೆವಾಸ್ಟೊಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತಾಳೆ. ಅಲ್ಲಿ ಆ ಜೀವಿ ಇದೆ. ಬಂದೂಕಿಗೆ ಅದು ಸಾಯುವುದಿಲ್ಲ. ಬೆಂಕಿ ಉಗುಳಿದರೆ ತುಸು ಹೊತ್ತು ಹಿಂದೆ ಸರಿಯುತ್ತದೆ, ಅಷ್ಟೆ. ನಮಗಿರುವ ದಾರಿಗಳು ಎರಡೇ: ತೆವಳುವುದು, ಅಡಗುವುದು.

ನಾನು ಹೆಚ್ಚಾಗಿ ಅಡಗಿದೆ. ನಿಲ್ದಾಣದ ತುಂಬ ಕಬ್ಬಿಣದ ಬೀರುಗಳಿವೆ. ಒಳಗೆ ಹೊಕ್ಕು ಬಾಗಿಲಿನ ಸಂದಿಯಲ್ಲಿ ನೋಡುತ್ತಿರಬೇಕು. ಅದು ಹತ್ತಿರ ಬಂದು ಮೂಸಿದಾಗ ಹಿಂದಕ್ಕೆ ಒರಗಿ ಉಸಿರು ಬಿಗಿಹಿಡಿಯಬೇಕು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ನಮ್ಮ ಕಡೆಯ ದೆವ್ವವಾದರೂ ಮರ್ಯಾದೆಯಿಂದ ಹಿಂದಿರುಗುತ್ತಿತ್ತು. ಇದಕ್ಕೆ ಕನ್ನಡ ಬರುವುದಿಲ್ಲ. ನನ್ನಾಕೆ ಎರಡು ರಾತ್ರಿ ನೋಡಿ, ಮೂರನೆಯ ರಾತ್ರಿ ತನ್ನ ವಿಮರ್ಶೆ ಮಂಡಿಸಿದಳು: “ದುಡ್ಡು ಕೊಟ್ಟು ಬೀರುವಿನಲ್ಲಿ ಕೂರೋ ಆಟಾನೂ ಬಂತೇನ್ರೀ? ಅದಕ್ಕಿಂತ ನಮ್ಮ ಬೀರು ಒಂದ್ಸಲ ಜೋಡಿಸಿದ್ರೆ ಪುಣ್ಯ ಬರ್ತಿತ್ತು.”

ಹುಡುಗ ಟಿವಿಯ ಮೇಲೆ ಕ್ಯಾಮೆರಾ ಇಟ್ಟಿದ್ದ. ಅದರ ಮೈಕಿನ ಮೂಲಕ ನಮ್ಮ ಮನೆಯ ಸದ್ದನ್ನೂ ಆ ಜೀವಿಗೆ ಕೇಳಿಸುವ ಸೌಲಭ್ಯ ಆಟದಲ್ಲಿದೆ. ನನಗೆ ಹೇಳದೆ ಅದನ್ನು ಹಾಕಿಟ್ಟಿದ್ದ. ಬೀರುವಿನಿಂದ ಮೆಲ್ಲಗೆ ಹೊರಬಿದ್ದು ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೇನೆ. ಅದು ಬೆನ್ನು ತಿರುಗಿಸಿ ಹೊರಡುತ್ತಿದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಬೇಳೆ ಕುಕ್ಕರು ಮೊದಲನೆಯ ಸೀಟಿ ಹಾಕಿತು. ಜೀವಿ ತಿರುಗಿತು. ಎರಡನೆಯ ಸೀಟಿ ಕೇಳಲು ಅಮಾಂಡಾ ಉಳಿಯಲಿಲ್ಲ.

ಹೀಗೆ ಸತ್ತರೆ ಹಿಂದಿನ ಸೇವ್‌ಗೆ ಹೋಗಿ ಎಲ್ಲವನ್ನೂ ಮತ್ತೆ ಮಾಡಬೇಕು. ಸೇವ್ ಮಾಡುವುದೂ ಸುಲಭವಲ್ಲ. ಗೋಡೆಗೆ ನೇತುಹಾಕಿದ ಯಂತ್ರಕ್ಕೆ ಕಾರ್ಡು ತೂರಿಸಿ, ಮೂರು ಬೀಪ್ ಆಗುವವರೆಗೆ ಕಾಯಬೇಕು. ಎರಡನೆಯ ಬೀಪಿಗೂ ಮೂರನೆಯದಕ್ಕೂ ನಡುವೆ ನಾನು ಎಷ್ಟೋ ಸಲ ಸತ್ತಿದ್ದೇನೆ.

ಹುಡುಗ ಒಳಗುಟ್ಟನ್ನೂ ಹೇಳಿದ. ಜೀವಿಯನ್ನು ನಡೆಸುವ ಬುದ್ಧಿಗಳು ಎರಡಂತೆ. ಮೇಲೆ ಕೂತ ಒಂದಕ್ಕೆ ನಾವೆಲ್ಲಿದ್ದೇವೆಂದು ಸದಾ ಗೊತ್ತು. ಅದು ಜೀವಿಗೆ ‘ಈ ಕಡೆ ನೋಡು’ ಎಂದಷ್ಟೇ ಸೂಚಿಸುತ್ತದೆ. ಜೀವಿ ತನ್ನ ಕಣ್ಣು ಕಿವಿಗಳನ್ನೇ ನಂಬಿ ಹುಡುಕಬೇಕು. ನಮ್ಮ ಮೇಲಿನ ಒತ್ತಡ ಮಿತಿಮೀರಿತೆಂದರೆ ಮೇಲಿನವನೇ ಅದನ್ನು ಗಾಳಿಕೊಳವೆಗೆ ಹಿಂದಕ್ಕೆ ಅಟ್ಟುತ್ತಾನೆ. ಕೇಳಿದೊಡನೆ ನನಗೆ ಯಕ್ಷಗಾನ ಕಣ್ಣಿಗೆ ಕಟ್ಟಿತು. ಬಣ್ಣದ ವೇಷ ಅಬ್ಬರಿಸುವಾಗ ಮಕ್ಕಳು ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತಾರೆ. ಆದರೆ ರಾಕ್ಷಸ ಎಷ್ಟು ಹೊತ್ತು ಕುಣಿಯಬೇಕು, ಯಾವಾಗ ಒಳಗೆ ಹೋಗಬೇಕು ಎನ್ನುವುದು ಭಾಗವತರ ಜಾಗಟೆಯಲ್ಲಿದೆ.

ಇಷ್ಟೆಲ್ಲ ಆದಮೇಲೆ ಇಬ್ಬರ ವಿಮರ್ಶೆಗಳನ್ನೂ ಹುಡುಗನಿಂದ ಓದಿಸಿಕೊಂಡೆ. ಬೆರಗಾಯಿತು. ಪತ್ರಿಕೆಯಲ್ಲಿ ಏನಿದೆ ಎನ್ನುವುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವೇ ಇಲ್ಲ. ಆಟ ಉದ್ದ, ಜೀವಿ ಅನಿರೀಕ್ಷಿತ, ಸಾವು ಪದೇ ಪದೇ, ಅಡಗುವುದೇ ಬದುಕು: ಇಬ್ಬರೂ ಕಂಡದ್ದು ಇದನ್ನೇ. ಒಬ್ಬರಿಗೆ ಅದು ಎಳೆತ, ಇನ್ನೊಬ್ಬರಿಗೆ ಅದೇ ಸೊಗಸು. ಅರ್ಥಶಾಸ್ತ್ರದ ಪತ್ರಿಕೆಗೆ ಮಾದರಿ ಉತ್ತರದ ಹಾಳೆ ಬರುತ್ತದೆ. ಭಯಕ್ಕೆ ಅಂಥ ಹಾಳೆ ಅಚ್ಚು ಹಾಕಿಸಿದವರಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಮೌಲ್ಯಮಾಪನ ಕೇಂದ್ರದಲ್ಲಿ ಬೆಳಗಿನ ಹೊತ್ತು ನಾನು ಧರ್ಮರಾಯ. ಊಟವಾಗಿ, ಫ್ಯಾನಿನ ಕೆಳಗೆ ಮೂವತ್ತನೆಯ ಪತ್ರಿಕೆ ಬಿಡಿಸುವ ಹೊತ್ತಿಗೆ ಉದ್ದನೆಯ ಉತ್ತರ ಕಂಡರೆ ಮೈ ಉರಿಯುತ್ತಿತ್ತು. ಅದೇ ಉತ್ತರ ಮೊದಲ ಕಟ್ಟಿನಲ್ಲಿ ಬಂದಿದ್ದರೆ ‘ವಿವರವಾಗಿ ಬರೆದಿದ್ದಾನೆ’ ಎಂದು ಎರಡು ಹೆಚ್ಚು ಹಾಕುತ್ತಿದ್ದೆ. ಆಟದ ವಿಮರ್ಶಕನಿಗೂ ಗಡುವು ಇರುತ್ತದೆ. ಇಂಥ ದಿನದೊಳಗೆ ಮುಗಿಸಿ ಬರೆಯಬೇಕು. ನಾನು ರಾತ್ರಿಗೆ ಅರ್ಧ ಗಂಟೆಯಂತೆ ಒಂದು ಮಳೆಗಾಲವಿಡೀ ಆಡಿದೆ. ನಾನು ಚೀಪಿದ ಕಲ್ಲುಸಕ್ಕರೆಯನ್ನು ಅವರು ಕಡಿದು ನುಂಗಬೇಕಿತ್ತು. ಹಲ್ಲು ನೊಂದಿತೆಂದು ಒಬ್ಬರು ಬರೆದರೆ ಅದು ಸುಳ್ಳಲ್ಲ. 59 ಕೊಟ್ಟವರು ಕಟುಕರೇನಲ್ಲ. 60ಕ್ಕೆ ಏರಿಸುವ ನಮ್ಮ ದಾಕ್ಷಿಣ್ಯ ಅವರಿಗಿರಲಿಲ್ಲ, ಅಷ್ಟೆ.

“ಈಗ ನೀವೆಷ್ಟು ಕೊಡ್ತೀರಾ ಮಾವ?” ಹುಡುಗ ಬಿಡಲಿಲ್ಲ.

ಎರಡನ್ನೂ ಕೂಡಿಸಿ ಭಾಗಿಸಿದರೆ 76. ಲೆಕ್ಕ ಸರಿ, ಆದರೆ ಆ 76 ಯಾರ ಅನುಭವವೂ ಅಲ್ಲ. ನೊಂದವರದೂ ಅಲ್ಲ, ನಲಿದವರದೂ ಅಲ್ಲ. “ಮಳೆ ಸುರಿಯುವ ರಾತ್ರಿ 93. ಕರೆಂಟು ಹೋಗಿ ಸೇವ್ ಆಗದ ರಾತ್ರಿ 59” ಎಂದೆ. “ಇದು ಮೋಸ” ಎಂದ. ಇರಬಹುದು. ಪೆನ್ನು ಹಿಡಿದು ಹೋದವನು ಬೀರುವಿನೊಳಗೆ ಉಸಿರು ಬಿಗಿಹಿಡಿದು ಕೂತ ಮೇಲೆ ಮೌಲ್ಯಮಾಪಕನಾಗಿ ಉಳಿಯುವುದು ಕಷ್ಟ. ಪರೀಕ್ಷೆಗೆ ಕೂತವನು ನಾನೇ ಆಗಿದ್ದೆ.

ಮೊನ್ನೆ ರಾತ್ರಿ ಕೊನೆಯ ಘಟ್ಟ. ಕಾರ್ಡು ತೂರಿಸಿದ್ದೇನೆ, ಎರಡು ಬೀಪ್ ಆಗಿದೆ. ಅಡುಗೆಮನೆಯ ಬಾಗಿಲಲ್ಲಿ ಇವಳು ಕೈಯಲ್ಲಿ ಕುಕ್ಕರಿನ ವೆಯ್ಟ್ ಹಿಡಿದು ನಿಂತಿದ್ದಳು. ಮೂರನೆಯ ಬೀಪೂ ಆಯಿತು. ಆಗ, ಜೀವಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ಈಗ ಹಾಕ್ಲೇನ್ರೀ?”