ಗಂಟೆ ಹೊಡೆದಾದ ಮೇಲೆ

ಪಕ್ಕದ ಮನೆಯ ಬೋರ್‌ವೆಲ್ ಮೋಟಾರು ಶುರುವಾಗುವ ಮೊದಲೇ ನನ್ನ ಮೊಮ್ಮಗ ಕಿವಿ ಮುಚ್ಚಿಕೊಳ್ಳುತ್ತಾನೆ. ಸ್ವಿಚ್ಚು ಒತ್ತಿದ್ದೇ ಅವನಿಗೆ ಕೇಳಿಸಿರುತ್ತದೆ. ಏಳು ವರ್ಷ, ಆಟಿಸಂ ಅಂತ ಡಾಕ್ಟರು ಹೇಳಿ ನಾಲ್ಕಾಯಿತು. ಕಲಬುರಗಿ ಬಿಟ್ಟು ಕಾಚಿಗುಡದ ಮಗಳ ಮನೆಗೆ ಬಂದು ಕೂತ ನನಗೀಗ ಒಂದೇ ನೌಕರಿ: ಭಾನುವಾರ ಅವನನ್ನು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರುವುದು. ಹೈದರಾಬಾದಿನಲ್ಲಿ ಸದ್ದಿಲ್ಲದ ಜಾಗ ಹುಡುಕುವುದೆಂದರೆ ಬಿರಿಯಾನಿ ಹೋಟೆಲಿಗೆ ಹೋಗಿ ಏಕಾದಶಿ ಫಲಾರ ಕೇಳಿದ ಹಾಗೆ.

ಮೊದಲು ಒಂದು ಮಾಲಿಗೆ ಹೋದೆವು. ನುಣುಪು ನೆಲ, ತಣ್ಣನೆ ಗಾಳಿ, ಹುಡುಗ ಖುಷಿಯಾಗಿದ್ದ. ಶೌಚಾಲಯದಲ್ಲಿ ಯಾರೋ ಕೈ ಒಣಗಿಸುವ ಯಂತ್ರದ ಕೆಳಗೆ ಕೈ ಹಿಡಿದರು ನೋಡಿ, ಅಲ್ಲಿಂದ ಪಾರ್ಕಿಂಗಿನವರೆಗೆ ಅವನ ಹಿಂದೆ ಓಡಿದ್ದರಲ್ಲಿ ನನ್ನದೊಂದು ಚಪ್ಪಲಿ ಹೋಯಿತು. ಇನ್ನೊಂದನ್ನು ಏನು ಮಾಡಬೇಕೆಂದು ಇಂದಿಗೂ ತಿಳಿದಿಲ್ಲ.

ಆಮೇಲೆ ಗೋಲ್ಕೊಂಡಾ. ಅಲ್ಲಿನ ಫತೇ ದರವಾಜಾದ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸಾರಿನ ತುದಿಗೆ ಕೇಳಿಸುತ್ತದೆ. ವೈರಿ ಬಂದರೆ ಸುದ್ದಿ ಮುಟ್ಟಲೆಂದು ಮಾಡಿದ ಏರ್ಪಾಡಂತೆ. ಈಗ ವೈರಿಗಳಿಲ್ಲ, ಗೈಡುಗಳಿದ್ದಾರೆ. ಒಬ್ಬ ತಟ್ಟಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬನ ಗುಂಪು ತಯಾರು. ಇವನು ನನ್ನ ಜುಬ್ಬಾದೊಳಗೆ ತಲೆ ಹುದುಗಿಸಿ ನಿಂತ. ಕುತುಬ್ ಶಾಹಿಗಳ ಕಾಲದಲ್ಲಿ ಹುಟ್ಟಿದ್ದರೆ ನಮ್ಮ ಹುಡುಗನಿಗೆ ಮೇಲೆ ಕಾವಲಿನ ಕೆಲಸ ಖಾತ್ರಿಯಿತ್ತು. ಚಪ್ಪಾಳೆ ಯಾಕೆ, ವೈರಿಯ ಕುದುರೆ ಸೀನಿದ್ದೂ ಅವನಿಗೆ ಕೇಳಿಸುತ್ತಿತ್ತು.

ಥೆರಪಿ ಮೇಡಂ ಹೇಳಿದ ಮೇಲೆ ಕಿವಿಗೆ ದಪ್ಪನೆಯ ಇಯರ್‌ಮಫ್ ಬಂತು. ಅದರ ಕೆಲಸ ಸದ್ದು ತಡೆಯುವುದಷ್ಟೇ. ಆದರೆ ಊರಿಗೆಲ್ಲ ಅದು ಹೆಡ್‌ಫೋನು. “ಏಂ ಪಾಟ ವಿಂಟುನ್ನಾವು ಬಾಬೂ?” ಅಂತ ಪ್ರತಿ ಆಟೋದವನೂ ಕೇಳುತ್ತಾನೆ. ಹಾಡಿಲ್ಲಪ್ಪಾ ಎಂದರೆ ನಂಬುವುದಿಲ್ಲ. ಈಗ ನಾನೇ ಘಂಟಸಾಲ ಅಂದುಬಿಡುತ್ತೇನೆ; ಹಿರಿಯ ಆಟೋದವರಾದರೆ ಹಾರ್ನು ಸ್ವಲ್ಪ ಕಡಿಮೆಯಾಗುತ್ತದೆ.

ಅಮೆರಿಕದಲ್ಲಿರುವ ತಂಗಿಯ ಮಗ ಫೋನಿನಲ್ಲಿ ಹೇಳುತ್ತಾನೆ: ಅಲ್ಲಿ ಇಂಥ ಮಕ್ಕಳಿಗೆಂದೇ ಸಿನಿಮಾ ಶೋ ಇಡುತ್ತಾರಂತೆ. ಸದ್ದು ಕಡಿಮೆ, ಪೂರ್ತಿ ಕತ್ತಲೆಯಿಲ್ಲ, ಎದ್ದು ಕುಣಿದರೂ ಯಾರೂ ಶ್ ಅನ್ನುವುದಿಲ್ಲ. ನಮ್ಮಲ್ಲೂ 2016ರ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಆ ಕೈ ಒಣಗಿಸುವ ಯಂತ್ರಕ್ಕೆ ಅದನ್ನು ಓದಿ ಹೇಳುವವರು ಬೇಕು.

ಕೊನೆಗೆ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿ ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಹಳೇ ಗಡಿಯಾರ. ತಾಸಿಗೊಮ್ಮೆ ಗಡ್ಡದ ಪುಟ್ಟ ಗೊಂಬೆ ಬಾಗಿಲು ತೆರೆದು ಬಂದು ಗಂಟೆ ಹೊಡೆದು ಒಳಹೋಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಜಾತ್ರೆ, ಯಾಕೆಂದರೆ ಹನ್ನೆರಡು ಏಟು. ನಾನು ಲೆಕ್ಕ ಹಾಕಿದೆ: ಒಂದಕ್ಕೆ ಹೋದರೆ ಒಂದೇ ಏಟು! “ಅಪ್ಪಾ, ನಿನ್ನ ತಲಿ ಭಾಳ ಓಡ್ತದ,” ಅಂದಳು ಮಗಳು. ಆದರೆ ಆಟೋ ಚಾದರ್‌ಘಾಟಿನಲ್ಲಿ ಸಿಕ್ಕಿಕೊಂಡು ಆ ಒಂದೂ ತಪ್ಪಿತು. ನಾವು ಹೋದಾಗ ಜನ ಎದ್ದು ಹೊರಟಿದ್ದರು, ಕುರ್ಚಿಗಳೆಲ್ಲ ಖಾಲಿ.

ಗಡಿಯಾರದಲ್ಲಿ ಇನ್ನೊಂದು ಗೊಂಬೆಯಿದೆ, ಕಮ್ಮಾರನದು. ಸೆಕೆಂಡಿಗೊಂದು ಸುತ್ತಿಗೆ ಏಟು, ಬಿಡುವಿಲ್ಲ. ಹುಡುಗ ಅದನ್ನೇ ನೋಡುತ್ತ ಕೂತ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇಯರ್‌ಮಫ್ ಯಾವಾಗ ಕುತ್ತಿಗೆಗೆ ಇಳಿಯಿತೋ ನಾನು ಕಾಣಲಿಲ್ಲ.

ಕಾವಲುಗಾರ ಬಂದ. “ಘಂಟಾ ಹೋಗಯಾ ಸಾಬ್. ಅಬ್ ಕ್ಯಾ ಹೈ ದೇಖನೇ ಕು?”

ಒಂದೂ ಮುಕ್ಕಾಲಕ್ಕೆ ಜನ ಮತ್ತೆ ಸೇರತೊಡಗಿದರು, ನಾವು ಎದ್ದೆವು. ಈಗ ಪ್ರತಿ ವಾರ ಹೀಗೇ, ಗಂಟೆ ಹೊಡೆದಾದ ಮೇಲೆ ಹೋಗುತ್ತೇವೆ.

ಅವನಿನ್ನೂ ನನ್ನನ್ನು ಮುತ್ಯಾ ಅಂದಿಲ್ಲ. ಆವತ್ತು ಮರಳುವಾಗ, ಮೂಸಿ ನದಿಯ ಸೇತುವೆಯ ಮೇಲೆ, ನನ್ನ ಮೊಣಕಾಲಿಗೆ ಬೆರಳಿಂದ ಬಡಿದು “ಟಕ್” ಅಂದ. ನಾನೂ “ಟಕ್” ಅಂದೆ. ಕಾಚಿಗುಡದವರೆಗೂ ಮಾತಾಡಿಕೊಂಡೇ ಬಂದೆವು.