ಸಿ.ಡಿ.ಯ ಬೆನ್ನ ಮೇಲೆ ಅಜ್ಜಿಯ ಚಿತ್ತಾರ

ಮಕ್ಕಳೇ, ಗದ್ದೆಯಲ್ಲೋ ತರಕಾರಿ ತೋಟದಲ್ಲೋ ದಾರಕ್ಕೆ ಕಟ್ಟಿ ತೂಗುಬಿಟ್ಟ ಹೊಳೆಯುವ ಬಿಲ್ಲೆಗಳನ್ನು ನೀವು ನೋಡಿರಬಹುದು. ಅವು ಗಾಳಿಗೆ ತಿರುಗುತ್ತಾ, ಬಿಸಿಲಿಗೆ ಏಳು ಬಣ್ಣ ಚೆಲ್ಲುತ್ತಾ ಹಕ್ಕಿಗಳನ್ನು ಹೆದರಿಸುತ್ತವೆ. ಅವೇ ಸಿ.ಡಿ.ಗಳು. 1982ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ಬಿಲ್ಲೆಗಳಲ್ಲೇ ಒಂದು ಕಾಲದಲ್ಲಿ ಹಾಡು, ನಾಟಕ, ಪಾಠಗಳೆಲ್ಲ ಮನೆಗೂ ಶಾಲೆಗೂ ಬರುತ್ತಿದ್ದವು.

ನನ್ನ ಮೇಜಿನ ಮೇಲೂ ಒಂದು ಸಿ.ಡಿ. ಇದೆ. ಅದನ್ನು ನಾನು ಯಾವ ಗದ್ದೆಗೂ ಕಟ್ಟುವುದಿಲ್ಲ. ಅದರ ಕೆಂಪು ಬೆನ್ನ ಮೇಲೆ ಬಿಳಿ ಗೆರೆಗಳ ಚಿತ್ತಾರವಿದೆ. ಅಂಚಿನಲ್ಲಿ ಒಂದು ಕಡೆ ಹೆಬ್ಬೆರಳಿನಷ್ಟು ಅಗಲಕ್ಕೆ ಬಣ್ಣ ಕದಡಿದೆ. ಆ ಸಿ.ಡಿ.ಯ ಕಥೆಯನ್ನು ಇವತ್ತು ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ.

2007ರಲ್ಲಿ ನಾನು ಸಾಗರ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಮದುವೆ ಹಾಡುಗಳಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದರು. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದಕ್ಕೂ ಅವರೇ ಬೇಕು. ಒಂದು ಭಾನುವಾರ ಟೇಪ್ ರೆಕಾರ್ಡರ್ ಹಿಡಿದು ಅವರ ಮನೆಗೆ ಹೋದೆ. ಅಜ್ಜಿ ಎಲೆ ಅಡಿಕೆ ಉಗಿದು ಬಂದು, ಜಗಲಿಯ ಮೇಲೆ ಕೂತು ಒಂಬತ್ತು ಹಾಡು ಹೇಳಿದರು. ಹೆಚ್ಚು ಕಡಿಮೆ ಒಂದು ಗಂಟೆಯ ಧ್ವನಿಮುದ್ರಣ. ಅದನ್ನು ಕಂಪ್ಯೂಟರಿಗೆ ಹಾಕಿಸಿ ಎರಡು ಸಿ.ಡಿ. ಮಾಡಿದೆ. ಒಂದು ಶಾಲೆಗೆ, ಒಂದು ಅಜ್ಜಿಯ ಮನೆಗೆ. ಸಿ.ಡಿ. ಇದೆಯಲ್ಲ ಎಂದುಕೊಂಡು ಅದೇ ಕ್ಯಾಸೆಟ್ಟಿನ ಮೇಲೆ ಶಾಲೆಯ ವಾರ್ಷಿಕೋತ್ಸವದ ಹಾಡುಗಳನ್ನು ತುಂಬಿಸಿಬಿಟ್ಟೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಲ್ಲಿದ್ದುದನ್ನೂ ಅಳಿಸಿದೆವು.

ಶಾಲೆಯ ಸಿ.ಡಿ.ಯ ಮೇಲೆ ಹೆಸರು ಬೇಕಲ್ಲ? ಬಾಲ್ ಪೆನ್ನು ತೆಗೆದುಕೊಂಡು ಬರೆಯಲು ಹೊರಟೆ. ನುಣುಪಾದ ಮೈ, ಶಾಯಿ ಹಿಡಿಯಲಿಲ್ಲ. ಒತ್ತಿ ಒತ್ತಿ ಬರೆದೆ. ಮಕ್ಕಳಿಗೆ ಮಾತ್ರ, "ಹೊಳೆಯುವ ಬದಿಯನ್ನು ಮುಟ್ಟಬೇಡಿ, ಗೀರು ಬೀಳುತ್ತದೆ" ಎಂದು ಎಚ್ಚರಿಕೆ ಹೇಳಿದೆ! ಹೊಳೆಯುವ ಬದಿಯಲ್ಲೇ ಹಾಡು ಇದೆ, ಮೇಲಿನದು ಬರೀ ಬೆನ್ನು ಎಂದು ನಾನು ತಿಳಿದಿದ್ದೆ.

ಅಜ್ಜಿಗೆ ಕೊಡುವ ಸಿ.ಡಿ. ಅಂದವಾಗಿರಲಿ ಎಂದು ಆಸೆ. ಪೇಟೆಯಲ್ಲಿದ್ದ ನನ್ನ ಗೆಳೆಯ ಹೊಸದಾಗಿ ಒಂದು ಇಂಕ್‌ಜೆಟ್ ಪ್ರಿಂಟರ್ ತಂದಿದ್ದ. ಅದು ಕಾಗದದ ಮೇಲಷ್ಟೇ ಅಲ್ಲ, ನೇರವಾಗಿ ಸಿ.ಡಿ.ಯ ಮೇಲೂ ಮುದ್ರಿಸುತ್ತಿತ್ತು. ಕಾಗದವಾದರೆ ಉರುಳೆಗಳ ನಡುವೆ ಬಾಗಿ ಹೋಗುತ್ತದೆ. 1.2 ಮಿ.ಮೀ. ದಪ್ಪದ ಸಿ.ಡಿ. ಬಾಗೀತೇ? ಅದಕ್ಕಾಗಿ ಒಂದು ಚಪ್ಪಟೆ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ತಟ್ಟೆಯಲ್ಲಿ 12 ಸೆಂ.ಮೀ. ಅಗಲದ ದುಂಡನೆಯ ತಗ್ಗು. ಸಿ.ಡಿ.ಯನ್ನು ಅದರಲ್ಲಿ ಕೂರಿಸಿ, ತಟ್ಟೆಯನ್ನು ಪ್ರಿಂಟರಿನ ಮುಂದಿನಿಂದ ನೇರವಾಗಿ ಒಳಗೆ ಬಿಡಬೇಕು.

ಅಜ್ಜಿ ಗೋಡೆಗೆ ಬರೆದ ಚಿತ್ತಾರದ ಫೋಟೋ ನನ್ನಲ್ಲಿತ್ತು. ಅದನ್ನು ದುಂಡಗೆ ಕತ್ತರಿಸಿ, ಬೆಳ್ಳಿ ಬಣ್ಣದ ಆ ಸಿ.ಡಿ.ಯ ಬೆನ್ನಿನ ಮೇಲೆ ಮುದ್ರಿಸಲು ಹಾಕಿದೆವು. ಹೊರಗೆ ಬಂದದ್ದನ್ನು ನೋಡಿ ಇಬ್ಬರೂ ಪೆಚ್ಚಾದೆವು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಶಾಯಿ ಅಲ್ಲಲ್ಲಿ ಹನಿಗಟ್ಟಿತ್ತು. ಬೆರಳು ತಾಗಿದ್ದೇ ತಡ, ಚಿತ್ತಾರವೆಲ್ಲ ಕಲಸಿಹೋಯಿತು. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಪೂರಾ ಹೊರಟೇ ಹೋಯಿತು.

ಇದೇಕೆ ಹೀಗೆ? ಇಂಥ ಪ್ರಿಂಟರಿನ ಶಾಯಿಯಲ್ಲಿ ಹೆಚ್ಚಿನ ಪಾಲು ನೀರು. ಕಾಗದದಲ್ಲಿ ನಾರುಗಳಿವೆ, ನಾರುಗಳ ನಡುವೆ ಸಂದುಗಳಿವೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಆ ಸಂದುಗಳು ಶಾಯಿಯನ್ನು ಹೀರಿಕೊಳ್ಳುತ್ತವೆ. ಸಾಮಾನ್ಯ ಸಿ.ಡಿ.ಯ ಬೆನ್ನಿಗೆ ಬಳಿದಿರುವುದು ಮೆರುಗೆಣ್ಣೆಯಂಥ ನುಣುಪು ಪದರ. ಅಲ್ಲಿ ಶಾಯಿ ಇಳಿಯಲು ಸಂದೇ ಇಲ್ಲ.

"ಇದಕ್ಕೆ ಬಿಳಿ ಬೆನ್ನಿನ ಸಿ.ಡಿ.ಯೇ ಬೇಕು ಮಾರಾಯ" ಎಂದ ಗೆಳೆಯ. ಮುದ್ರಿಸಲೆಂದೇ ತಯಾರಿಸಿದ ಸಿ.ಡಿ.ಗಳ ಬೆನ್ನಿಗೆ ಬಿಳಿಯ ಲೇಪನವೊಂದಿರುತ್ತದೆ. ಸಿಲಿಕಾದಂಥ ವಸ್ತುವಿನ ಅತಿ ಸಣ್ಣ ಕಣಗಳನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳು ಶಾಯಿಯನ್ನು ಬಿದ್ದಲ್ಲೇ ಹಿಡಿದುಕೊಳ್ಳುತ್ತವೆ, ಹರಿಯಲು ಬಿಡುವುದಿಲ್ಲ. ಹಸೆ ಚಿತ್ತಾರ ಬರೆಯುವವರೂ ಬರಿಯ ಗೋಡೆಯ ಮೇಲೆ ಬರೆಯುವುದಿಲ್ಲ ತಾನೇ? ಮೊದಲು ಕೆಮ್ಮಣ್ಣು ಬಳಿದು ಮೈ ಸಿದ್ಧಮಾಡುತ್ತಾರೆ. ಇದೂ ಹಾಗೆಯೇ.

ಅಂಥದ್ದೊಂದು ಸಿ.ಡಿ. ತಂದೆವು. ಮೊದಲು ಹಾಡುಗಳನ್ನು ತುಂಬಿಸಿದೆವು, ಆಮೇಲೆ ಮುದ್ರಣ. ಮುದ್ರಿಸುವಾಗ ಕೆಳಬದಿಗೆ ಬೆರಳಿನ ಗುರುತೋ ಧೂಳೋ ಅಂಟಿದರೆ ಹಾಡು ಬರೆಯುವ ಲೇಸರ್ ಕಿರಣಕ್ಕೆ ಅಡ್ಡಿಯಾಗುತ್ತದೆ. ಅದಕ್ಕೇ ಈ ಕ್ರಮ.

ತಟ್ಟೆ ನಿಧಾನವಾಗಿ ಒಳಗೆ ಸರಿಯಿತು. ಪ್ರಿಂಟರಿನ ತಲೆ ಅತ್ತಿಂದಿತ್ತ ಓಡತೊಡಗಿತು. ಆಗ ನಾನು ಗಮನಿಸಿದ್ದು ಒಂದು ಸಂಗತಿ: ಆ ತಲೆ ಸಿ.ಡಿ.ಯನ್ನು ಮುಟ್ಟುವುದೇ ಇಲ್ಲ! ಸ್ವಲ್ಪವೇ ಎತ್ತರದಲ್ಲಿ ನಿಂತು ಹನಿಗಳನ್ನು ಚಿಮ್ಮಿಸುತ್ತದೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಪಿಯರೆ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ತೋರಿಸಿದರು. ಅಂಥ ವಸ್ತುಗಳಿಗೆ ತಿರುಗಿ ವಿದ್ಯುತ್ತು ಕೊಟ್ಟರೆ ಅವು ಒಂದಿಷ್ಟೇ ಇಷ್ಟು ಆಕಾರ ಬದಲಿಸುತ್ತವೆ. ಗೆಳೆಯನ ಪ್ರಿಂಟರಿನಲ್ಲಿ ಶಾಯಿಯನ್ನು ಹಿಸುಕಿ ಹೊರಕ್ಕೆ ದೂಡುತ್ತಿದ್ದುದು ಇಂಥದೇ ವಸ್ತು. ಬೇರೆ ಕೆಲವು ಪ್ರಿಂಟರುಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಆವಿಯ ಗುಳ್ಳೆಯಿಂದ ಹನಿ ಚಿಮ್ಮಿಸುತ್ತಾರೆ.

ಹನಿ ಎಷ್ಟು ಸಣ್ಣದು ಗೊತ್ತೇ? ಅದನ್ನು ಪಿಕೋಲೀಟರಿನಲ್ಲಿ ಅಳೆಯುತ್ತಾರೆ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರ್. ಕಣ್ಣಿಗೆ ಔಷಧಿ ಬಿಡುವ ಬಾಟಲಿಯ ಒಂದೇ ಹನಿಯಿಂದ 5 ಪಿಕೋಲೀಟರಿನ ಸುಮಾರು ಒಂದು ಕೋಟಿ ಹನಿ ಮಾಡಬಹುದು!

ಇನ್ನೊಂದು ಸ್ವಾರಸ್ಯ ನೋಡಿ. ಅಜ್ಜಿ ಕೆಂಪು ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಅದು ಮಜೆಂಟಾ ಮತ್ತು ಹಳದಿ ಚುಕ್ಕೆಗಳನ್ನು ಬೆರೆಸಿ ಕೆಂಪು ಮಾಡಿತು; ಗೆರೆ ಬರಬೇಕಾದ ಕಡೆ ಏನನ್ನೂ ಹಾಕದೆ ಸುಮ್ಮನೆ ಬಿಟ್ಟಿತು. ಅಲ್ಲಿ ಕಂಡ ಬಿಳಿ, ಲೇಪನದ ಬಿಳಿ.

ಒಂದು ದಿನ ಒಣಗಲು ಬಿಟ್ಟು, ಸಿ.ಡಿ.ಯನ್ನು ಅಜ್ಜಿಗೆ ಕೊಂಡುಹೋದೆ. ಅಜ್ಜಿ ಅಕ್ಕಿ ತೊಳೆಯುತ್ತಿದ್ದವರು ಹಾಗೇ ಎದ್ದು ಬಂದು ಕೈಗೆ ತೆಗೆದುಕೊಂಡರು. ಒದ್ದೆ ಹೆಬ್ಬೆರಳು ಒತ್ತಿದಲ್ಲಿ ಕೆಂಪು ಕದಡಿ ಬಿಳಿಗೆ ಹರಿಯಿತು. ನೀರಿನಲ್ಲಿ ಕರಗುವ ಬಣ್ಣವಲ್ಲವೇ? ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ.

"ಬಣ್ಣ ಇನ್ನೂ ಕಚ್ಚಿಲ್ಲ ಮೇಷ್ಟ್ರೇ" ಎಂದು ಅಜ್ಜಿ ನಕ್ಕರು. ಆಮೇಲೆ ಸಿ.ಡಿ. ಹಾಕಿದಾಗ, ತಮ್ಮ ದನಿಯನ್ನು ತಾವೇ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

2010ರಲ್ಲಿ ಅಜ್ಜಿ ತೀರಿಕೊಂಡರು. ಕೆಲವು ತಿಂಗಳ ನಂತರ ಆ ಹುಡುಗಿ ಶಾಲೆಗೆ ಬಂದಳು. ಆಗ ಅವಳು ಹತ್ತನೇ ತರಗತಿ. "ಸಾರ್, ಚಿಕ್ಕಪ್ಪನ ಮದುವೆ. ಹಸೆ ಹಾಡು ಪೂರ್ತಿ ಯಾರಿಗೂ ಬರ್ತಿಲ್ಲ. ನಮ್ಮನೆ ಸಿ.ಡಿ. ಅತ್ತೆ ಮನೆಗೆ ಹೋಗಿದೆ, ಎಲ್ಲಿಟ್ಟಿದಾರೋ ಗೊತ್ತಿಲ್ಲ. ಶಾಲೇದು ಕೊಡ್ತೀರಾ?" ಎಂದಳು.

ಬೀರುವಿನಿಂದ ತೆಗೆದು ಹಾಕಿದೆ. ಮೂರು ಹಾಡು ಚೆನ್ನಾಗಿ ಬಂದವು. ನಾಲ್ಕನೆಯದು ತಡವರಿಸಿತು, ನಿಂತಿತು. ಮುಂದಿನವೂ ಹಾಗೆಯೇ. ಹೊರತೆಗೆದು ಹೊಳೆಯುವ ಬದಿಯನ್ನು ತಿರುಗಿಸಿ ನೋಡಿದೆ. ಅಲ್ಲಿ ಒಂದು ಗೀರೂ ಇರಲಿಲ್ಲ. ಬದಲಿಗೆ, ನಾನು ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಅಕ್ಷರಗಳೇ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡಿದ್ದವು!

ಆಮೇಲೆ ಓದಿ ತಿಳಿದುಕೊಂಡೆ. ಸಿ.ಡಿ.ಯ ದಪ್ಪವೆಲ್ಲ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಹಾಡು ಇರುವುದು ಅದರ ಕೆಳಗಲ್ಲ, ಮೇಲೆ. ನಾವು ಬರೆಯುವ ಸಿ.ಡಿ.ಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಬಣ್ಣದ ಒಂದು ಪದರ, ಅದರ ಮೇಲೆ ಬೆಳಕನ್ನು ಹಿಂದಿರುಗಿಸುವ ತೆಳು ಲೋಹದ ಪದರ. ಅವುಗಳಿಗೆ ಹೊದಿಕೆಯಾಗಿ ತಲೆಗೂದಲಿಗಿಂತ ತೆಳುವಾದ ಮೆರುಗೆಣ್ಣೆ, ಅಷ್ಟೇ. ಲೇಸರ್ ಕಿರಣ ಕೆಳಗಿನಿಂದ 1.2 ಮಿ.ಮೀ. ಪ್ಲಾಸ್ಟಿಕ್ ದಾಟಿ ಹೋಗಿ ಹಾಡನ್ನು ಓದುತ್ತದೆ. ಕೆಳಬದಿಯನ್ನು ಹೊಗುವಾಗ ಆ ಕಿರಣ ಮುಕ್ಕಾಲು ಮಿ.ಮೀ.ನಷ್ಟು ಅಗಲ, ಹಾಡಿನ ಪದರ ಮುಟ್ಟುವಷ್ಟರಲ್ಲಿ 2 ಮೈಕ್ರೋಮೀಟರಿಗಿಂತ ಚಿಕ್ಕ ಚುಕ್ಕೆ. ಬಸ್ಸಿನ ಕಿಟಕಿಯ ಗಾಜಿನ ಮೇಲಿನ ಧೂಳಿನ ಕಣ ದೂರದ ಗುಡ್ಡವನ್ನು ಮುಚ್ಚುವುದಿಲ್ಲ. ಹಾಗೆಯೇ ಕೆಳಬದಿಯ ಸಣ್ಣ ಗೀರನ್ನು ಲೇಸರ್ ದಾಟಿಕೊಂಡು ಹೋಗುತ್ತದೆ. ಮೇಲ್ಬದಿಯ ಗೀರಾದರೆ ಗುಡ್ಡವನ್ನೇ ಅಗೆದಂತೆ. ಅಲ್ಲಿ ಓದುವುದಕ್ಕೇ ಏನೂ ಉಳಿಯುವುದಿಲ್ಲ. (ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಹಾಗಾಗಿ ಅದಕ್ಕೆ ರಕ್ಷಣೆ ಹೆಚ್ಚು.)

ನಾನು ಬೆನ್ನು ಎಂದುಕೊಂಡದ್ದು ಹಾಡಿನ ಮನೆಯ ಸೂರಾಗಿತ್ತು. ಸೂರಿನ ಮೇಲೆ ನಾನೇ ಗುದ್ದಲಿ ಆಡಿಸಿದ್ದೆ.

"ತಪ್ಪು ನನ್ನದೇ ಕಣಮ್ಮ" ಎಂದೆ. ಹುಡುಗಿ ಏನೂ ಹೇಳಲಿಲ್ಲ. ಮರುದಿನ ತಂದೆಯ ಜೊತೆ ಅತ್ತೆಯ ಊರಿಗೆ ಹೋಗಿ ಮನೆಯೆಲ್ಲ ಹುಡುಕಿಸಿ, ಮೂರನೆಯ ದಿನ ಚಿತ್ತಾರದ ಸಿ.ಡಿ. ತಂದಳು. ಕೆಳಬದಿಯಲ್ಲಿ ಗೀರುಗಳಿದ್ದವು, ಬೆನ್ನಿನ ಕೆಂಪು ತುಸು ಮಾಸಿತ್ತು. ಹೆದರುತ್ತಲೇ ಹಾಕಿದೆ. ಒಂಬತ್ತೂ ಹಾಡು ಬಂದವು! ಅದರ ಬೆನ್ನ ಮೇಲೂ ಬರೆದಿದ್ದೆವು. ಆದರೆ ಒತ್ತಿರಲಿಲ್ಲ. ಶಾಯಿಯ ಹನಿಗಳು ಮಂಜಿನಂತೆ ಬಂದು ಕೂತಿದ್ದವು.

ಅವತ್ತೇ ಹಾಡುಗಳನ್ನು ಕಂಪ್ಯೂಟರಿಗೆ, ಪೆನ್ ಡ್ರೈವಿಗೆ, ಇನ್ನೆರಡು ಸಿ.ಡಿ.ಗಳಿಗೆ ಇಳಿಸಿದೆವು. ಮದುವೆಯಲ್ಲಿ ಹೆಂಗಸರು ಕೇಳಿ ಕಲಿತು ಹಾಡಿದರು. ಹುಡುಗಿ ಹಳೆಯ ಸಿ.ಡಿ.ಯನ್ನು ನನ್ನ ಕೈಗಿಟ್ಟು, "ಇದು ನಿಮ್ಮ ಹತ್ರಾನೇ ಇರಲಿ ಸಾರ್" ಎಂದಳು. ಅಜ್ಜಿಯ ಹೆಬ್ಬೆರಳ ಗುರುತು ಹಾಗೇ ಇದೆ.

ಈಗ ಸಿ.ಡಿ.ಗಳ ಬಳಕೆ ತೀರಾ ಕಡಿಮೆ. ಆದರೆ ಅದೇ ಬಗೆಯ ಪ್ರಿಂಟರು, ಅದೇ ಬಗೆಯ ತಟ್ಟೆ ಬಳಸಿ ಕೆಲವು ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗುರುತಿನ ಚೀಟಿ ಮುದ್ರಿಸುತ್ತಾರೆ. ಆ ಕಾರ್ಡುಗಳಿಗೂ ಶಾಯಿ ಹಿಡಿಯುವ ಲೇಪನ ಬೇಕೇ ಬೇಕು. ನಿಮ್ಮ ಮನೆಯಲ್ಲೋ ಶಾಲೆಯ ಬೀರುವಿನಲ್ಲೋ ಹಳೆಯ ಸಿ.ಡಿ.ಗಳಿದ್ದರೆ ಗದ್ದೆಗೆ ಕಟ್ಟುವ ಮುಂಚೆ ದೊಡ್ಡವರನ್ನು ಕೇಳಿ, ಒಳಗೆ ಏನಿದೆ ನೋಡಿ. ಅಂಚು ಹಿಡಿದು ಎತ್ತಿ. ಬೆನ್ನಿಗೆ ಅಂಟಿಸಿದ ಚೀಟಿ ಇದ್ದರೆ ಕೀಳಬೇಡಿ, ಪದರವೇ ಕಿತ್ತು ಬರಬಹುದು. ಬೇಕಾದದ್ದನ್ನು ಬೇಗ ಬೇರೆ ಕಡೆಗೂ ನಕಲು ಮಾಡಿಸಿ. ಒಂದೇ ಪ್ರತಿಯನ್ನು ನಂಬಬೇಡಿ. ನಾನು ನಂಬಿ ಕೆಟ್ಟಿದ್ದೆ.

ಮಾಡಿ ನೋಡಿ

ಯಾರಿಗೂ ಬೇಡವಾದ ಒಂದು ಸಿ.ಡಿ. ತೆಗೆದುಕೊಳ್ಳಿ. ಸೀಮೆಸುಣ್ಣದ ಪುಡಿಯನ್ನು ಮೈದಾ ಅಂಟಿನಲ್ಲಿ ಕಲಸಿ, ಸಿ.ಡಿ.ಯ ಬೆನ್ನಿನ ಅರ್ಧ ಭಾಗಕ್ಕೆ ತೆಳ್ಳಗೆ ಬಳಿದು ಒಣಗಿಸಿ. ಈಗ ಬಳಿದ ಕಡೆ ಒಂದು ಹನಿ, ಬಳಿಯದ ಕಡೆ ಒಂದು ಹನಿ ಶಾಯಿ ಬಿಡಿ. ಶಾಯಿ ಇಲ್ಲದಿದ್ದರೆ ಬೀಟ್‌ರೂಟ್ ರಸವಾದರೂ ಸರಿ. ಐದು ನಿಮಿಷದ ನಂತರ ಎರಡನ್ನೂ ಬೆರಳಿನಿಂದ ಮೆಲ್ಲಗೆ ಮುಟ್ಟಿ. ಯಾವುದು ಬೆರಳಿಗೆ ಹೆಚ್ಚು ಅಂಟಿತು? ಮಾರನೆಯ ದಿನ ಒದ್ದೆ ಬೆರಳಿನಿಂದ ಮುಟ್ಟಿದರೆ ಏನಾಗುತ್ತದೆ? ಏಕೆ? ಉತ್ತರವನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬರೆದುಕೊಳ್ಳಿ.