ಎದುರಾಳಿಯಿಲ್ಲದ ಮಣೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಒದಗಿಸಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಎಂದಿನಂತೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಪುಟ ಬರೆದು ಋಣಮುಕ್ತನಾಗಬಹುದೆಂದು ಎಣಿಸಿದ್ದೆ. ಆದರೆ ಈ ಬೇಸಗೆಯ ರಜೆಯಲ್ಲಿ ನಡೆದ ಒಂದೆರಡು ಸಂಗತಿಗಳು ಮನಸ್ಸನ್ನು ಬಿಡದೆ ಕಾಡುತ್ತಿರುವುದರಿಂದ, ವಿದ್ವಜ್ಜನರು ಹುಡುಗಾಟವೆಂದು ನಗಬಹುದಾದ ವಿಷಯವನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಶಬ್ದಮಣಿದರ್ಪಣವನ್ನು ಗುರುಮುಖೇನ ಓದಿದ ಈ ಪಂಡಿತನಿಗೆ ಆಟದ ಮಣೆಗಳನ್ನು ಕೂಡಿಹಾಕುವ ಒಂದು ಹುಚ್ಚು ಇದೆ. ಕೋಲಾರದ ನನ್ನ ಮನೆಯ ನಡುಮನೆಯನ್ನು ಹೊಕ್ಕವರಿಗೆ ಗೋಡೆಯ ಮೇಲೆ ಮೊದಲು ಕಾಣುವುವು ಅಳಗುಳಿಮಣೆಗಳು, ಪಗಡೆಯ ಹಾಸುಗಳು, ಚೌಕಾಬಾರದ ಹಲಗೆಗಳು, ಪರಮಪದ ಸೋಪಾನಪಟಗಳು. ಕಳೆದ ವರ್ಷದವರೆಗೆ ಅವು ಹದಿನೇಳಿದ್ದುವು. ರಜೆ ಬಂದಿತೆಂದರೆ ಚೀಲವನ್ನು ಹೆಗಲಿಗೇರಿಸಿ ಹೊರಡುವುದು, ಒಂದೋ ಎರಡೋ ಮಣೆಗಳೊಡನೆ ಮರಳುವುದು ಇಷ್ಟು ವರ್ಷಗಳಿಂದ ನಡೆದುಬಂದ ಪದ್ಧತಿ.

ಈ ಹುಚ್ಚಿನ ಮೂಲದಲ್ಲಿ ನನ್ನದೇ ಒಂದು ಅಪರಾಧವಿದೆ. 1999ರ ದಸರೆಯ ರಜೆ. ಆಗ ನಾನು ಬೇರೊಂದು ಊರಿನಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಮಕ್ಕಳೆಲ್ಲರೂ ಊರಿಗೆ ತೆರಳಿದ್ದರು. ಹೋಗಲು ಮನೆಯೆಂಬುದಿಲ್ಲದ ಒಬ್ಬ ಹುಡುಗ ಮಾತ್ರ ಉಳಿದಿದ್ದ. ಒಂದು ಮಧ್ಯಾಹ್ನ ನೋಡಿದರೆ, ಅವನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಐದೈದರ ಇಪ್ಪತ್ತೈದು ಮನೆಗಳನ್ನು ಬರೆದು, ಅಡುಗೆಯವರ ಮಗನನ್ನು ಎದುರಿಗೆ ಕುಳ್ಳಿರಿಸಿಕೊಂಡು, ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜಗಳನ್ನು ಗರ ಕೆದರುತ್ತಿದ್ದ. ಮಠದ ನೆಲದಲ್ಲಿ ಜೂಜೆ ಎಂದು ಗದರಿಸಿ, ಒಂದು ಕೊಡ ನೀರು ತರಿಸಿ ಆ ಮನೆಗಳನ್ನು ಅವನ ಕೈಯಿಂದಲೇ ತೊಳೆಯಿಸಿದೆ. ಬೀಜಗಳನ್ನು ಬಾವಿಗೆ ಎಸೆದೆ. ಹುಡುಗನು ತಲೆ ತಗ್ಗಿಸಿ, “ಪಣ ಏನೂ ಕಟ್ಟಿರಲಿಲ್ಲ ಸಾರ್” ಎಂದನೇ ಹೊರತು ಮರುಮಾತಾಡಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಎಲ್ಲಿ ಹೋದನೆಂದು ವಿಚಾರಿಸಿದೆ, ತಿಳಿಯಲಿಲ್ಲ.

ಈ ಪ್ರಸಂಗವನ್ನು ನನ್ನ ಶಿಸ್ತಿನ ದೃಷ್ಟಾಂತವೆಂಬಂತೆ ಊರಿನಲ್ಲಿ ತಾಯಿಯವರ ಮುಂದೆ ಹೇಳಿಕೊಂಡೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಬದಿಗಿಟ್ಟು, “ಅಲ್ಲ ಕಣೋ, ಅಷ್ಟು ಓದಿದೋನು ನೀನು, ನಿನಗೆ ಅದು ಜೂಜಾಗಿ ಕಾಣಿಸ್ತಾ? ಒಂಟಿ ಮಗು ಜತೆಗೊಬ್ಬನ್ನ ಹುಡುಕ್ಕೊಂಡಿತ್ತು” ಎಂದು, ಅಟ್ಟದಿಂದ ತಮ್ಮ ಅಳಗುಳಿಮಣೆಯನ್ನು ಇಳಿಸಿ ನನ್ನ ಮುಂದಿಟ್ಟರು. “ನಿನಗೆ ಎಣಿಸೋದು ಕಲಿಸಿದ್ದು ಇದು. ಬಳ್ಳಿ ಬರೆಯೋಕೆ ಮುಂಚೆ ಇದರಲ್ಲಿ ಎಪ್ಪತ್ತು ಎಣಿಸ್ತಿದ್ದೆ.” ನನ್ನ ಸಂಗ್ರಹದ ಮೊದಲನೆಯ ಮಣೆ ಅದು.

ಆ ಬಳಿಕ ಈ ಆಟಗಳನ್ನು ಕುರಿತು ವಿಚಾರಿಸಹೊರಟವನಿಗೆ, ಭಾಷೆಯನ್ನು ಕಲಿಸುವವನು ಅರಿತಿರಲೇಬೇಕಾದ ಎಷ್ಟೋ ಸಂಗತಿಗಳು ಗೋಚರಿಸಿದುವು. ಅಳಗುಳಿಮಣೆಗೆ ಏಳೇಳರ ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳು. ನಮ್ಮ ಮನೆಯ ಪದ್ಧತಿಯಲ್ಲಿ ಗುಳಿಗೈದರಂತೆ ಎಪ್ಪತ್ತು ಬೀಜಗಳು. ಒಂದು ಗುಳಿಯ ಬೀಜಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಬರಿದಾದ ಗುಳಿ ಎದುರಾದರೆ ಅದರಾಚೆಯ ಗುಳಿಯ ಬೀಜಗಳು ಆಡಿದವರ ಪಾಲು. ಒಕ್ಕಲುತನದ ನಾಡು ಬಿತ್ತನೆಯನ್ನೇ ಆಟವಾಗಿಸಿಕೊಂಡಿದೆ. ಇದೇ ಮಣೆ ತುಳುನಾಡಿನಲ್ಲಿ ಚೆನ್ನೆಮಣೆ. ನಮ್ಮ ಜಿಲ್ಲೆಯಾದರೋ ಮೂರು ಭಾಷೆಗಳ ಸಂಗಮ: ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೆಲುಗು ಮನೆಗಳಲ್ಲಿ ಇದು ವಾಮನಗುಂಟಲು, 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಿಗೆ ದುಡಿಯಬಂದು ನೆಲಸಿದ ತಮಿಳರಲ್ಲಿ ಪಲ್ಲಾಂಗುಳಿ. ಕಡಲಾಚೆ ಆಫ್ರಿಕಾದ ಘಾನಾ ದೇಶದಲ್ಲಿ ಹನ್ನೆರಡು ಗುಳಿಗಳ ಇದರ ಸೋದರ ಆಟಕ್ಕೆ ಓವಾರೆ ಎಂದು ಹೆಸರು.

ಚೌಕಾಬಾರದ ಪರಿಭಾಷೆಯಂತೂ ನನ್ನನ್ನು ಬೆರಗುಗೊಳಿಸಿತು. ನಾಲ್ಕೂ ಕವಡೆಗಳು ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಹೊರಸುತ್ತನ್ನು ಮುಗಿಸಿದರೂ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಸುತ್ತೆಲ್ಲವನ್ನೂ ದಾಟಿ ನಡುವಣ ಮನೆಯನ್ನು ಸೇರಿದ ಕಾಯಿಯನ್ನು ‘ಹಣ್ಣಾಯಿತು’ ಎನ್ನುತ್ತಾರೆ. ಕಾಯಿ ಮಾಗಿ ಹಣ್ಣಾಗುವುದು! ಯಾವ ಆಲಂಕಾರಿಕನು ಕಟ್ಟಿಕೊಟ್ಟ ರೂಪಕವಿದು? ಜಗಲಿಯ ಮೇಲೆ ಕುಳಿತ ಅಜ್ಜಿಯರು ಕಟ್ಟಿದ್ದು.

ಇನ್ನು ಜೂಜಿನ ಮಾತು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ದಾಳಕ್ಕೆ ದಾಸನಾದವನ ಗೋಳಿದೆ. ನೆತ್ತದ ಹಾಸಿನ ಮೇಲೆ ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಸೋತದ್ದನ್ನು ನಾವೇ ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಅಲ್ಲಿ ದೋಷವಿರುವುದು ಒಡ್ಡಿದ ಪಣದಲ್ಲಿ, ಹಾಸು ನಿರಪರಾಧಿ. ಅರುವತ್ತುಮೂವರು ಪುರಾತನರಲ್ಲಿ ಮೂರ್ಖ ನಾಯನಾರ್ ಎಂಬವರು ಜೂಜಿನಲ್ಲಿ ಗೆದ್ದ ಹಣದಿಂದ ಶಿವಭಕ್ತರಿಗೆ ಅನ್ನವಿಕ್ಕುತ್ತಿದ್ದರೆಂದು ಪುರಾಣವು ಹೇಳುತ್ತದೆ. ಅವರ ಜೂಜನ್ನು ಅನುಸರಿಸಬೇಕೆಂದು ನಾನು ಹೇಳಹೊರಟಿಲ್ಲ, ಮನುಷ್ಯನನ್ನು ತೂಗುವಾಗ ಹಿರಿಯರು ದುಡುಕುತ್ತಿರಲಿಲ್ಲವೆಂಬುದಷ್ಟೇ ನನ್ನ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ದೇವತಾಮೂರ್ತಿಗಳ ವರ್ಣನೆಗಳೊಡನೆ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನವಿತ್ತರು. ಚದುರಂಗದ ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ನಡೆಗಳನ್ನು ಅವರು ರಚಿಸಿದ್ದರು. ಆ ನಡೆಯನ್ನೇ ಪದ್ಯವಾಗಿಸಿದ ತುರಗಪದಬಂಧವು ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಇದೆ. ಆಲಂಕಾರಿಕನು ಪದ್ಯಕ್ಕೆ ಬಳಸಿಕೊಂಡ ಆಟವನ್ನು ನಾನು ಒಂದು ಕೊಡ ನೀರಿನಿಂದ ತೊಳೆಯಿಸಿದ್ದೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈ ಬೇಸಗೆಯಲ್ಲಿ ಸಂಗ್ರಹಕ್ಕೆ ಸೇರಿದ ಮೂರು ಆಟಗಳ ವಿಚಾರಕ್ಕೆ ಬರುತ್ತೇನೆ.

ಮೊದಲನೆಯದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹೊರಗಣ ಹಾಳುಮಂಟಪದ್ದು. ಹಂಪೆಯ ಮಂಟಪಗಳ ನೆಲಗಲ್ಲುಗಳಲ್ಲಿ ಕೊರೆದಿರುವಂತೆಯೇ ಇಲ್ಲಿಯೂ ಜಗಲಿಯ ಚಪ್ಪಡಿಯಲ್ಲಿ ಹುಲಿ–ಮೇಕೆಯ ಆಟದ ಗೆರೆಗಳಿದ್ದುವು. ಕಲ್ಲನ್ನು ಹೊತ್ತು ತರಲಾದೀತೆ? ಶಾಸನಕ್ಕೆ ಅಚ್ಚು ತೆಗೆಯುವವರಂತೆ ಒದ್ದೆಯ ಕಾಗದ ಹಾಸಿ ಮಸಿ ಒತ್ತಿ ಪ್ರತಿ ಮಾಡಿಕೊಂಡೆ. ಮೇಕೆ ಮೇಯಿಸುತ್ತಿದ್ದ ಮುದುಕನೊಬ್ಬ ಅದನ್ನು ನೋಡುತ್ತ ನಿಂತವನು, “ಬರಕೊಂಡು ಏನು ಮಾಡ್ತೀರ ಸಾಮಿ, ಕೂತ್ಕೊಳ್ಳಿ ಆಡಾನ” ಎಂದ. ಹುಲಿ ಮೂರು, ಮೇಕೆ ಹದಿನೈದು, ಗೆರೆಗಳು ಕೂಡುವ ಇಪ್ಪತ್ತಮೂರು ಎಡೆಗಳು. ಹುಲಿಯು ಮೇಕೆಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಮೇಕೆಗಳು ಹುಲಿಗೆ ಅಲುಗಲು ಎಡೆಯಿಲ್ಲದಂತೆ ಮುತ್ತುತ್ತವೆ. ನನ್ನ ಮೂರು ಹುಲಿಗಳನ್ನೂ ಅವನು ಎರಡು ಸಲ ಕಟ್ಟಿಹಾಕಿದ. “ಮೇಕೆ ಒಂದೊಂದೇ ಹೋದ್ರೆ ಹುಲಿಗೆ ಊಟ, ಒತ್ತಾಗಿ ಹೋದ್ರೆ ಬೇಲಿ” ಎಂದು ನಕ್ಕ. ತೆಲುಗಿನಲ್ಲಿ ಈ ಆಟಕ್ಕೆ ಪುಲಿಜೂದಮೆಂದು ಹೆಸರು. ಜೂದವೂ ನಮ್ಮ ಜೂಜೂ ‘ದ್ಯೂತ’ದ ತದ್ಭವಗಳೇ, ಆದರೆ ಇದರಲ್ಲಿ ದಾಳವೂ ಇಲ್ಲ, ಪಣವೂ ಇಲ್ಲ. ಹೆಸರನ್ನು ಕೇಳಿ ಆಟವನ್ನು ಅಳೆಯಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಲಿಲ್ಲ.

ಎರಡನೆಯದು ಮಾಲೂರಿನದು. ನನ್ನ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಆ ಊರಿಗೆ ಹೋದಾಗಲೆಲ್ಲ ಒಡೆದ ಹೆಂಚಿನ ಚೂರುಗಳನ್ನು ಆರಿಸಿ ತೇದು ಚೌಕಾಬಾರದ ಕಾಯಿ ಮಾಡಿಕೊಳ್ಳುವುದು ನನ್ನ ರೂಢಿ. ಅದನ್ನು ಕಂಡ ಅಳಿಯಂದಿರು, “ಮಾವ, ನಿಮ್ಮ ಗೋಡೆಗೆ ಇದೂ ಇರಲಿ” ಎಂದು ಬೆಂಗಳೂರಿನಿಂದ ಒಂದು ಪೆಟ್ಟಿಗೆಯನ್ನು ತಂದುಕೊಟ್ಟರು. ಕಟಾನ್ ಎಂಬ ಆಟ. ಜರ್ಮನಿಯ ಕ್ಲೌಸ್ ಟಾಯ್ಬರ್ ಎಂಬವರು ರಚಿಸಿದ್ದು, 1995ರಲ್ಲಿ ಪ್ರಕಟವಾದದ್ದು. ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಎಂಬ ಐದು ಪದಾರ್ಥಗಳನ್ನು ಗಳಿಸಿ, ಮಿಕ್ಕವರೊಡನೆ ಕೊಟ್ಟು ಕೊಂಡು, ದಾರಿಗಳನ್ನೂ ಊರುಗಳನ್ನೂ ಕಟ್ಟಬೇಕು. ಪರದೇಶದ ಆಟವೆಂದು ಮೊದಲು ಮೂಗು ಮುರಿದೆ. ಆದರೆ ಪರದೇಶದವರು ನಮ್ಮ ಪಚ್ಚೀಸಿಯಿಂದ ಲೂಡೋವನ್ನು ಮಾಡಿಕೊಂಡು 1896ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದರು. ಪರಮಪದದ ಪಟವನ್ನು ಹಾವು–ಏಣಿಯಾಗಿಸಿದರು. ಅವರು ನಮ್ಮದನ್ನು ಆಡಬಹುದಾದರೆ ನಾವು ಅವರದನ್ನು ಆಡಬಾರದೇಕೆ? ಆ ರಾತ್ರಿ ಮಗಳು, ಅಳಿಯ, ಮೊಮ್ಮಗ, ನಾನು ನಾಲ್ವರೂ ಕುಳಿತೆವು. ನನ್ನ ಬಳಿ ಇಟ್ಟಿಗೆ ಇರಲಿಲ್ಲ. “ಮಾಲೂರಿನಲ್ಲಿ ಕೂತು ಇಟ್ಟಿಗೆಗೆ ಬರವೇ ತಾತ?” ಎಂದು ಮೊಮ್ಮಗನು ನಕ್ಕು, ಎರಡು ಉಣ್ಣೆಗೆ ಒಂದು ಇಟ್ಟಿಗೆ ಕೊಟ್ಟ. ಆ ಮಗುವಿನೊಡನೆ ಅಷ್ಟು ಹೊತ್ತು ಎದುರುಬದುರಾಗಿ ಕುಳಿತು ಮಾತನಾಡಿದ್ದು ಅದೇ ಮೊದಲು.

ಮೂರನೆಯದು ಶ್ರೀನಿವಾಸಪುರ ತಾಲ್ಲೂಕಿನದು. ಮಾವಿನ ತೋಪಿನ ನಡುವಣ ಒಂದು ಮನೆಯಲ್ಲಿ ಹಳೆಯ ಅಳಗುಳಿಮಣೆಯೊಂದಿದೆಯೆಂದು ತಿಳಿದು ಹೋದೆ. ಮಣೆ ಮೀನಿನ ಆಕಾರದ್ದು. ಎರಡು ಮಡಿಕೆಯಾಗಿ ಮುಚ್ಚಿಕೊಳ್ಳುವಂಥದು. ಗುಳಿಗಳ ಅಂಚು ಬೆರಳುಗಳ ಸವೆತಕ್ಕೆ ಕನ್ನಡಿಯಂತೆ ನುಣುಪಾಗಿತ್ತು. ಮನೆಯ ಒಡತಿ ತೆಲುಗು ಬೆರೆತ ಕನ್ನಡದ ವೃದ್ಧೆ. ಬೆಲೆಯೆಷ್ಟೆಂದು ಕೇಳಿದ್ದಕ್ಕೆ ಆಕೆ, “ದುಡ್ಡು ಬೇಡ ಅಯ್ಯವಾರೂ. ನನ್ನ ಜತೆ ಆಡ್ತಿದ್ದ ಓರಗಿತ್ತಿ ಹೋಗಿ ಮೂರು ವರ್ಷ ಆಯ್ತು. ಸೊಸೆಗೆ ಬಿಡುವಿಲ್ಲ, ಮಕ್ಕಳ ಕೈಲಿ ಫೋನು. ನೀವು ತಗೊಂಡ್ಹೋಗಿ. ಮನೇಲಿ ಯಾರು ಆಡ್ತಾರೆ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಗೋಡೆಗೆ ತೂಗುಹಾಕುತ್ತೇನೆಂದು ಹೇಳಲು ನಾಲಿಗೆ ಏಳಲಿಲ್ಲ. ನನ್ನ ಮೌನವನ್ನು ಅರ್ಥಮಾಡಿಕೊಂಡವರಂತೆ ಆಕೆ ಸೆರಗಿನಲ್ಲಿ ಬೀಜಗಳನ್ನು ತಂದು, “ಹಾಗಾದ್ರೆ ಒಂದಾಟ ಆಡಿ ತಗೊಂಡ್ಹೋಗಿ” ಎಂದರು. ಒಂದಾಟವು ನಾಲ್ಕಾಯಿತು. ಆಕೆಯ ಪದ್ಧತಿ ನಮ್ಮ ತಾಯಿಯವರ ಪದ್ಧತಿಗಿಂತ ಭಿನ್ನ. ಗುಳಿಯಲ್ಲಿ ನಾಲ್ಕು ಬೀಜ ಕೂಡಿದೊಡನೆ ಆ ಸಾಲಿನವರು ಎತ್ತಿಕೊಳ್ಳಬೇಕು. ಕೇಳಿ ಕೇಳಿ ಬರೆದುಕೊಂಡೆ. ಹೊರಡುವಾಗ ಆಕೆಯ ಕಣ್ಣು ಮಣೆಯ ಮೇಲೆಯೇ ಇತ್ತು.

ಕೋಲಾರಕ್ಕೆ ಮರಳಿ, ಮಸಿಯಚ್ಚನ್ನೂ ಪೆಟ್ಟಿಗೆಯನ್ನೂ ಮಣೆಯನ್ನೂ ಇರಿಸಿ ಲೆಕ್ಕ ಹಾಕಿದೆ: ಇಪ್ಪತ್ತು. ಸಂಖ್ಯೆ ಪೂರ್ಣವಾಗಿತ್ತು, ಸಂತೋಷವಾಗಬೇಕಿತ್ತು. ಆದರೆ ತಾಯಿಯವರ ಮಣೆಯನ್ನು ಇಳಿಸಿ ನೋಡಿದರೆ ಗುಳಿಗಳಲ್ಲಿ ಧೂಳು, ಒಂದರಲ್ಲಿ ಜೇಡರ ಬಲೆ. ಅವರು ತೀರಿಕೊಂಡ ಮೇಲೆ ಅದರಲ್ಲಿ ಒಂದು ಬೀಜವನ್ನೂ ಬಿತ್ತಿರಲಿಲ್ಲ. 1999ರಲ್ಲಿ ನಾನು ಒಂದು ಆಟವನ್ನು ನೀರಿನಿಂದ ಅಳಿಸಿದೆ. ಆಮೇಲೆ ಹದಿನೇಳು ಆಟಗಳನ್ನು ಮೊಳೆ ಹೊಡೆದು ನಿಲ್ಲಿಸಿದೆ. ಎರಡಕ್ಕೂ ಹೆಚ್ಚಿನ ಅಂತರವೇನಿದೆ? ವೀಣೆಯನ್ನು ಒಬ್ಬನೇ ನುಡಿಸಬಹುದು, ಗ್ರಂಥವನ್ನು ಒಬ್ಬನೇ ಓದಬಹುದು. ಮಣೆಗೆ ಮಾತ್ರ ಇನ್ನೊಬ್ಬರು ಬೇಕು. ಎದುರಾಳಿಯಿಲ್ಲದ ಮಣೆ ಬರಿಯ ಹಲಗೆ.

ಆದುದರಿಂದ, ಶಾಲೆ ತೆರೆದ ದಿನವೇ ಪೂಜ್ಯ ಶ್ರೀಗಳವರಲ್ಲಿಯೂ ಮುಖ್ಯೋಪಾಧ್ಯಾಯರಲ್ಲಿಯೂ ಬಿನ್ನವಿಸಿಕೊಂಡು, ಇಪ್ಪತ್ತನ್ನೂ ನಮ್ಮ ವಿದ್ಯಾರ್ಥಿನಿಲಯಕ್ಕೆ ಒಪ್ಪಿಸಿದ್ದೇನೆ. ದಾನಿಗಳೊಬ್ಬರು ಗಾಜಿನ ಕಪಾಟು ಮಾಡಿಸಿಕೊಡುವುದಾಗಿ ಔದಾರ್ಯದಿಂದ ಹೇಳಿದರು. ಅವರ ಕ್ಷಮೆ ಬೇಡಿ, ಕಪಾಟಿಗೆ ಬದಲಾಗಿ ಜಗಲಿಗೆ ನಾಲ್ಕು ಚಾಪೆ, ಒಂದು ದೀಪ, ಒಂದು ಡಬ್ಬಿ ಕವಡೆ ಕೇಳಿದೆ. ಅವರು ನಕ್ಕು ಒಪ್ಪಿದರು. ಮಣೆಗಳು ಒಡೆದಾವು, ಬೀಜಗಳು ಕಳೆದಾವು. ಕಳೆಯಲಿ, ನಮ್ಮ ಸೀಮೆಯಲ್ಲಿ ಹುಣಸೆಮರಗಳಿಗೆ ಬರವಿಲ್ಲ. ನಿಯಮವೊಂದೇ: ಪಣ ಕೂಡದು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಮನೆಯ ಅಟ್ಟದ ಮೇಲೆ ಇಂಥದೊಂದು ಮಣೆ ಇದ್ದೀತು. ಅದನ್ನು ಶಾಲೆಗೆ ಕೊಡಲೇಬೇಕೆಂದಿಲ್ಲ. ಆಡಿಸುವ ಅಜ್ಜಿಯರು ಇನ್ನೂ ಇದ್ದರೆ ಒಂದು ಸಂಜೆ ಅವರೆದುರು ಕುಳಿತು ಆಡಿ, ಅವರ ಮನೆತನದ ಪದ್ಧತಿಯನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿದರೆ ಸಾಕು. ಮರ ಮತ್ತೆ ಸಿಕ್ಕೀತು; ಆ ಬಾಯಿಮಾತು ಸಿಕ್ಕದು.

ಕಳೆದ ಭಾನುವಾರ ಸಂಜೆ ವಿದ್ಯಾರ್ಥಿನಿಲಯದ ಕಡೆ ಹೋಗಿದ್ದೆ. ಹೊಸದಾಗಿ ಸೇರಿದ, ಇನ್ನೂ ಯಾರೊಡನೆಯೂ ಬೆರೆಯದ ಚಿಕ್ಕ ಹುಡುಗನೊಬ್ಬ ಶ್ರೀನಿವಾಸಪುರದ ಮಣೆಯನ್ನು ಬಿಡಿಸಿಟ್ಟುಕೊಂಡು ಬೀಜ ತುಂಬುತ್ತಿದ್ದ. ನನ್ನನ್ನು ಕಂಡು ಬೆದರಿ ಎದ್ದುನಿಂತ. ಕುಳ್ಳಿರೆಂದು ಹೇಳಿ ನಾನೂ ಎದುರಿಗೆ ಕುಳಿತೆ. “ಸಾರ್, ನಿಮಗೆ ಬರುತ್ತಾ?” ಎಂದು ಕೇಳಿದ. ಬರುತ್ತದೆಂದೆ. ರಾತ್ರಿಯ ಊಟದ ಗಂಟೆ ಬಾರಿಸುವವರೆಗೆ ಆಡಿದೆವು. ಎರಡಾಟದಲ್ಲಿ ಅವನು ಗೆದ್ದ.